ಮೊಳೆ ತೂಕಕ್ಕೆ ಹೋಯಿತು, ಕಾಕಾ ಮನೆಗೆ ಹೋದರು

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಹಳೆಯದು ಹೋಗಿ ಹೊಸದು ಬರುವ ಕುರಿತು ಬಂದ ಲೇಖನವನ್ನು ಎರಡು ಸಲ ಓದಿದೆ. ಒಂದು ಸಲ ನನಗಾಗಿ, ಇನ್ನೊಂದು ಸಲ ನನ್ನ ಹೆಂಡತಿಗೆ ಕೇಳಿಸಲಿಕ್ಕೆ. 2025ರ ಅರ್ಥಶಾಸ್ತ್ರದ ನೊಬೆಲ್ ಪಡೆದ ಜೋಯೆಲ್ ಮೋಕಿರ್, ಫಿಲಿಪ್ ಅಘಿಯಾನ್, ಪೀಟರ್ ಹೋವಿಟ್ ಅವರ ವಿಚಾರವನ್ನು ಲೇಖಕರು ನಮ್ಮಂಥವರಿಗೂ ತಿಳಿಯುವ ಹಾಗೆ ಬರೆದಿದ್ದಾರೆ. ಹೊಸ ಯಂತ್ರ ಬಂದಾಗ ಹಳೆಯ ಅಂಗಡಿ ಮುಚ್ಚುತ್ತದೆ, ಹೊಸ ಅಂಗಡಿ ತೆರೆಯುತ್ತದೆ, ಒಟ್ಟಿನಲ್ಲಿ ನಾಡು ಮುಂದೆ ಹೋಗುತ್ತದೆ. ಜೋಸೆಫ್ ಶುಂಪೀಟರ್ 1942ರಲ್ಲೇ ಇದನ್ನು ಸೃಜನಶೀಲ ವಿನಾಶ ಎಂದು ಕರೆದರಂತೆ. ಕಲೆಯಲ್ಲೂ ನಡೆಯುವುದು ಇದೇ, ಅದಕ್ಕೆ ಮರುಗಬೇಕಾಗಿಲ್ಲ ಎಂದು ಲೇಖನ ಮುಗಿಯುತ್ತದೆ.

ಹೊಸದು ಬರಬಾರದು ಎಂದು ನಾನು ಹೇಳುವುದಿಲ್ಲ. ಹೊಸದರಿಂದಲೇ ನಾನು ಮನೆ ಕಟ್ಟಿದೆ, ಮಗಳನ್ನು ನರ್ಸಿಂಗ್ ಓದಿಸಿದೆ. ಆದರೆ ನಮ್ಮ ಪ್ರೆಸ್ಸಿನಲ್ಲಿ ಹೊಸದು ಬಂದ ರೀತಿ ಬೇರೆ, ನಮ್ಮ ಭಾಗದ ಸಂಗೀತದಲ್ಲಿ ಹೊಸದು ಬಂದ ರೀತಿ ಬೇರೆ. ಆ ವ್ಯತ್ಯಾಸವನ್ನು ಹೇಳಬೇಕು ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಬೆಟಗೇರಿಯವನು. ನಮ್ಮ ಮನೆಯಲ್ಲಿ ಮಗ್ಗ ಇತ್ತು. ಏಳನೇ ಇಯತ್ತೆ ಮುಗಿಸಿ, ಮಗ್ಗದ ಕುಣಿಯಲ್ಲಿ ಕೂರಲು ಮನಸ್ಸಿಲ್ಲದೆ 1974ರಲ್ಲಿ ಗದಗದ ಒಂದು ಪ್ರೆಸ್ಸಿಗೆ ಸೇರಿದೆ. ಆಗ ನನಗೆ 14 ವರ್ಷ. ಗದುಗಿಗೆ ಮುದ್ರಣ ಕಾಶಿ ಎಂದು ಹೆಸರು. ಪಂಚಾಂಗ, ಕ್ಯಾಲೆಂಡರ್, ಶಾಲೆಯ ಗೈಡು, ನೋಟ್‌ಬುಕ್ಕು, ಪುರಾಣದ ಪುಸ್ತಕ ಎಲ್ಲ ಇಲ್ಲಿ ಅಚ್ಚಾಗಿ ಊರೂರಿಗೆ ಹೋಗುತ್ತಿದ್ದವು. ಕೆಲವು ಓಣಿಗಳಲ್ಲಿ ನಡೆದು ಹೋದರೆ ಟ್ರೆಡಲ್ ಎಂಬ ಅಚ್ಚಿನ ಮಷಿನ್ನಿನ ಸದ್ದು ಒಂದು ಮನೆಯಲ್ಲಿ ನಿಂತು ಇನ್ನೊಂದು ಮನೆಯಲ್ಲಿ ಶುರುವಾಗುತ್ತಿತ್ತು.

ನನಗೆ ಕೊಟ್ಟ ಮೊದಲ ಕೆಲಸ ಮೊಳೆ ಬಿಡಿಸುವುದು. ಮೊಳೆ ಎಂದರೆ ಅಚ್ಚು ಹಾಕಲು ಜೋಡಿಸುವ ಸೀಸದ ಬಿಡಿ ಅಕ್ಷರ. ಅಚ್ಚಾದ ಪುಟದ ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಂದೊಂದನ್ನೂ ಅದರದರ ಮನೆಗೆ ಹಾಕಬೇಕು. ಮರದ ಕೇಸಿನಲ್ಲಿ ಚೌಕ ಚೌಕ ಮನೆಗಳು. ಇಂಗ್ಲಿಷಿಗೆ ಸ್ವಲ್ಪ ಸಾಕು, ಕನ್ನಡಕ್ಕೆ ಕಾಗುಣಿತ, ಒತ್ತು ಎಲ್ಲ ಸೇರಿ ಕೇಸಿನ ಮೇಲೆ ಕೇಸು. ಮೊಳೆ ಜೋಡಿಸುವವರಿಗೆಲ್ಲ ಹಿರಿಯರಾದ ಹೆಡ್ ಕಂಪೋಸಿಟರ್ ಒಬ್ಬರಿದ್ದರು. ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು, ಮಾಲೀಕರೂ ಕೂಡ. ಎಡಗೈಯಲ್ಲಿ ಸ್ಟಿಕ್, ಅಂದರೆ ಸಾಲು ಜೋಡಿಸುವ ಪಟ್ಟಿ, ಹಿಡಿದು, ಬಲಗೈಯಿಂದ ಮೊಳೆ ಹೆಕ್ಕಿ ಕೂಡಿಸುತ್ತಿದ್ದರು. ಸ್ಟಿಕ್ಕಿನಲ್ಲಿ ಸಾಲು ತಲೆಕೆಳಗಾಗಿ, ಕನ್ನಡಿಯಲ್ಲಿ ಕಂಡ ಹಾಗೆ ಕೂಡುತ್ತದೆ. ಮೊಳೆಯ ಮೈಮೇಲೆ ಒಂದು ಸಣ್ಣ ಕಚ್ಚು ಇರುತ್ತದೆ. ಅದು ಹೆಬ್ಬೆರಳಿಗೆ ತಗುಲಿದರೆ ಮೊಳೆ ಸರಿಯಾಗಿ ನಿಂತಿದೆ ಎಂದರ್ಥ. ಕಾಕಾ ಕೇಸಿನ ಕಡೆ ನೋಡುತ್ತಲೇ ಇರಲಿಲ್ಲ. ನಾನು ಕೈ ನೋಡಿಕೊಂಡು ಮೊಳೆ ಹುಡುಕುತ್ತಿದ್ದರೆ, "ತಮ್ಮಾ, ಕೈ ನೋಡಬ್ಯಾಡ, ಕಾಪಿ ನೋಡ. ಮನಿ ಎಲ್ಲೈತಿ ಅಂತ ಕೈಗೆ ಗೊತ್ತೈತಿ" ಎನ್ನುತ್ತಿದ್ದರು. ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ಎಲ್ಲರ ಕೈ ನೋಡುತ್ತಿದ್ದರು. ಸೀಸ ಮುಟ್ಟಿದ ಕೈ, ಸೋಪು ಹಚ್ಚಿ ತೊಳೆಯದೆ ಯಾರೂ ರೊಟ್ಟಿ ಮುಟ್ಟುವ ಹಾಗಿರಲಿಲ್ಲ.

1992ರಲ್ಲಿ ನಮ್ಮ ಮಾಲೀಕರು ಮೊಳೆ ಬೇಡದ ಆಫ್‌ಸೆಟ್ ಮಷಿನ್ ಹಾಕಿದರು, ಜೊತೆಗೆ ಒಂದು ಕಂಪ್ಯೂಟರ್ ತಂದರು. ಇಂಗ್ಲಿಷ್ ಲಗ್ನಪತ್ರಿಕೆ ಜೋಡಿಸಿ ಜೋಡಿಸಿ ನನಗೆ ಇಂಗ್ಲಿಷ್ ಅಕ್ಷರದ ರೂಢಿ ಇತ್ತು. ವಯಸ್ಸು 32. ಹಾಗಾಗಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವುದನ್ನು, ಕಲಿಯಲು ನನ್ನನ್ನು ಹುಬ್ಬಳ್ಳಿಗೆ ಕಳಿಸಿದರು. ಪೇಜ್‌ಮೇಕರ್ ಎಂಬ ತಂತ್ರಾಂಶ ಕಲಿತು ಬಂದೆ. ಕಾಕಾ ಆಗ 56ರ ಮನುಷ್ಯ. ಅವರನ್ನು ಕಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೊಳೆಯಲಿಲ್ಲ.

ಮೊಳೆಗಳನ್ನು ತೂಕಕ್ಕೆ ಹಾಕಿದ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಗುಜರಿಯವರು ಗೋಣಿಚೀಲ, ತಕ್ಕಡಿ ತಂದು ಅಂಗಳದಲ್ಲಿ ಕೂತಿದ್ದರು. ಒಳಗೆ ಕಾಕಾ ನೆಲದ ಮೇಲೆ ಕೂತು, ವರ್ಷಾನುಗಟ್ಟಲೆ ಕೇಸಿನ ಕೆಳಗೆ ಬಿದ್ದುಹೋಗಿದ್ದ ಮೊಳೆಗಳನ್ನು ಒಂದೊಂದೇ ಹೆಕ್ಕಿ, ಕಣ್ಣಿಗೆ ಹತ್ತಿರ ಹಿಡಿದು, ಅದರದರ ಮನೆಗೆ ಹಾಕುತ್ತಿದ್ದರು. ಳ ಅನ್ನು ಳ ಮನೆಗೆ, ಒತ್ತು ತ ಅನ್ನು ಒತ್ತು ತ ಮನೆಗೆ. ಮಾಲೀಕರು ಬಂದು, "ಕಾಕಾ, ಬಿಡ್ರಿ. ಹೆಂಗೂ ಚೀಲಕ್ಕ ಸುರಿಯೋದೈತಿ" ಎಂದರು. ಕಾಕಾ ತಲೆ ಎತ್ತದೆ, "ಅಲ್ರೀ ಸಾವ್ಕಾರ್ರ, ಕಲಬೆರಕಿ ಮಾಡಿ ಕಳಸಬಾರದ್ರಿ" ಎಂದರು. ಅರ್ಧ ಗಂಟೆಗೆ ಎಲ್ಲ ಕೇಸೂ ಚೀಲದಲ್ಲಿ ಬೋರಲಾದವು. ಸೀಸ, ತವರ, ಆಂಟಿಮನಿ ಕೂಡಿದ ಲೋಹ ಅದು, ಕರಗಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ಒಂದು ಕೇಸನ್ನು ಮಾತ್ರ ನಾನು ಗುಜರಿಯ ದರಕ್ಕೇ ಕೊಂಡೆ. ಎರಡು ತಿಂಗಳು ಪಗಾರದಲ್ಲಿ ಮುರಿದುಕೊಂಡರು.

ಆ ತಿಂಗಳ ಕೊನೆಗೆ ಕಾಕಾ ಕೆಲಸ ಬಿಟ್ಟರು. ಬಿಡಿಸಿದರು ಎಂದು ಹೇಳಲಾರೆ. ಕೂರಲು ಜಾಗ ಇರಲಿಲ್ಲ, ಬಿಟ್ಟರು. ಮುಂದೆ ಎಪಿಎಂಸಿ ಹತ್ತಿರ ಒಂದು ಗೋದಾಮಿನಲ್ಲಿ ರಾತ್ರಿ ಕಾವಲಿಗೆ ಹೋಗುತ್ತಿದ್ದರು. ಅದೇ ವರ್ಷ ನನ್ನ ಪಗಾರ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಲೇಖನದಲ್ಲಿ ಹೇಳಿದ್ದು ನನ್ನ ಬದುಕಿನಲ್ಲಿ ಪೂರ್ತಿ ನಿಜವಾಯಿತು, ಅಲ್ವಾ? ಹಳೆಯದು ಹೋಯಿತು, ಹೊಸದು ಬಂತು, ಲಾಭವೂ ಬಂತು. ಆದರೆ ಬಂದದ್ದು ನನಗೆ, ಕಳೆದುಕೊಂಡವರು ಕಾಕಾ. ಒಂದೇ ಛಾವಣಿಯ ಕೆಳಗೆ ಇಬ್ಬರೂ ಇದ್ದೆವು. ಲೆಕ್ಕದಲ್ಲಿ ಕೂಡಿಸಿದರೆ ಜಾಸ್ತಿಯೇ ಕಾಣುತ್ತದೆ, ಕಾಕಾ ಕಾಣುವುದಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಒಬ್ಬರ ಕಷ್ಟದ ಕತೆ ಎಂದು ಬಿಡಬಹುದಿತ್ತು. ಮುಂದೆ ಆದದ್ದು ಪ್ರೆಸ್ಸಿಗೇ ನಷ್ಟ.

ಮರುವರ್ಷ ಒಂದು ಮನೆತನದವರು 600 ಕಾರ್ಡು ಮಾಡಿಸಿದರು. ನಾನೇ ಟೈಪ್ ಮಾಡಿದೆ, ನಾನೇ ನೋಡಿದೆ. ಅಚ್ಚಾಗಿ ಹೋದ ಮೇಲೆ ಕಾರ್ಡು ವಾಪಸ್ ಬಂತು. ಗೃಹಪ್ರವೇಶ ಎಂದು ಇರಬೇಕಾದಲ್ಲಿ ಗ್ರಹಪ್ರವೇಶ ಎಂದಾಗಿತ್ತು. ಹೊಸ ಮನೆಗೆ ಹೋಗುವವರಿಗೆ ಗ್ರಹ ಹೊಕ್ಕ ಹಾಗೆ! ಆ ಮನೆಯ ಹಿರಿಯರು ಕಣ್ಣಲ್ಲಿ ನೀರು ತಂದುಕೊಂಡು ನಿಂತಿದ್ದನ್ನು ನಾನು ಮರೆತಿಲ್ಲ. ಎಲ್ಲವನ್ನೂ ಮತ್ತೆ ಅಚ್ಚು ಹಾಕಿ ಕೊಟ್ಟೆವು.

ಮೊಳೆಯ ಕಾಲದಲ್ಲಿ ಈ ತಪ್ಪು ಆಗುತ್ತಿರಲಿಲ್ಲ ಎಂದು ಸುಮ್ನೆ ಹೇಳುತ್ತಿಲ್ಲ. ಕೇಸಿನಲ್ಲಿ ಗೃಹದ ವಟ್ರಸುಳಿಯ ಮನೆ ಒಂದು ಕಡೆ, ಗ್ರಹದ ಕ್ರಾವಡಿಯ ಮನೆ ಇನ್ನೊಂದು ಕಡೆ. ತಪ್ಪು ಮಾಡಬೇಕೆಂದರೂ ಕೈಯನ್ನು ಒಂದು ಗೇಣು ಬೇರೆ ಕಡೆಗೆ ಒಯ್ಯಬೇಕು. ಅಲ್ಲೇ ಕೈ ತಡೆಯುತ್ತಿತ್ತು. ದ್ದ ಮತ್ತು ದ್ಧ ಕೂಡ ಹಾಗೆಯೇ. "ಹೊಟ್ಟಿ ಸೀಳಿದ ಒತ್ತು ಆ ಮನ್ಯಾಗ ಐತಿ" ಎಂದು ಕಾಕಾ ನಮಗೆ ತೋರಿಸಿಕೊಟ್ಟಿದ್ದರು. ಇವತ್ತು ನಮ್ಮ ಊರಿನ ಸರ್ಕಲ್ಲುಗಳಲ್ಲಿ ಯಾರಾದರೂ ದೊಡ್ಡವರು ತೀರಿಕೊಂಡಾಗ ಕಟ್ಟುವ ಫ್ಲೆಕ್ಸ್ ನೋಡಿ. ಶ್ರದ್ಧಾಂಜಲಿಯ ಹೊಟ್ಟೆ ಸೀಳಿದ್ದು ಕಾಣುವುದೇ ಅಪರೂಪ. ಹಾರ್ದಿಕ ಶುಭಾಶಯದಲ್ಲಿ ಮಾತ್ರ ಬೇಡದ ಕಡೆ ಸೀಳಿರುತ್ತಾರೆ.

ಕಾರ್ಡಿನ ಪ್ರಕರಣ ಆದ ಮೇಲೆ ಮಾಲೀಕರು ಪ್ರೂಫ್ ನೋಡಿ ತಪ್ಪು ತಿದ್ದಲು ನಿವೃತ್ತ ಮಾಸ್ತರರೊಬ್ಬರನ್ನು ಇಟ್ಟುಕೊಂಡರು, ಪುಟಕ್ಕೆ ಇಷ್ಟು ಎಂದು. ಒಳ್ಳೆಯ ಮನುಷ್ಯ. ಆದರೆ ನೋಡಿ, ಮನೆಯಲ್ಲೇ ಇದ್ದ ತಿಳಿವಳಿಕೆಯನ್ನು ಬಾಗಿಲ ಹೊರಗೆ ಕಳಿಸಿ, ಅದನ್ನೇ ಹೊರಗಿನಿಂದ ದುಡ್ಡು ಕೊಟ್ಟು ತಂದ ಹಾಗಾಯಿತು. ಕಾಕಾನಿಗೆ ಕಂಪ್ಯೂಟರ್ ಬರಬೇಕಾಗಿರಲಿಲ್ಲ. ನನ್ನ ಪಕ್ಕದಲ್ಲಿ ಒಂದು ಕುರ್ಚಿ ಹಾಕಿ ಕೂರಿಸಿದ್ದರೆ ಸಾಕಿತ್ತು. ಹೋದದ್ದು ಸೀಸದ ಕೆಲಸ. ಅಕ್ಷರದ ಕೆಲಸ ಎಲ್ಲಿಗೂ ಹೋಗಿರಲಿಲ್ಲ. ನಾವು ಎರಡನ್ನೂ ಒಂದೇ ತಕ್ಕಡಿಗೆ ಹಾಕಿಬಿಟ್ಟೆವು.

ಮೋಕಿರ್ ಅವರ ವಿಚಾರದಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ. ಒಂದು ಕೆಲಸ ಯಾಕೆ ಹೀಗೆ ನಡೆಯುತ್ತದೆ ಎಂಬ ತಿಳಿವಳಿಕೆ ಒಂದು, ಅದನ್ನು ಹೇಗೆ ಮಾಡಬೇಕು ಎಂಬ ತಿಳಿವಳಿಕೆ ಇನ್ನೊಂದು. ಎರಡೂ ಒಂದಕ್ಕೊಂದು ಆಸರೆಯಾದಾಗಲೇ ಏಳಿಗೆ ನಿಲ್ಲದೆ ಸಾಗುತ್ತದೆ. ಹೊಸ ವಿಚಾರವನ್ನು ನಿಜವಾದ ಯಂತ್ರವಾಗಿ ಮಾಡಿಕೊಟ್ಟ ನುರಿತ ಕೈಗಳು ಇದ್ದದ್ದೇ ಕೈಗಾರಿಕಾ ಕ್ರಾಂತಿಯ ಕಾಲದ ಇಂಗ್ಲೆಂಡಿನ ಬಲ ಎಂದು ಅವರು ಹೇಳುತ್ತಾರೆ. ನಿಮ್ಮ ಲೇಖನದಲ್ಲಿ ಈ ಭಾಗ ಎರಡೇ ಸಾಲಿನಲ್ಲಿ ಮುಗಿದಿದೆ. ಇನ್ನಷ್ಟು ಬರೆಯಬೇಕಿತ್ತು.

ಈಗ ಕಲೆಯ ಮಾತಿಗೆ ಬರುತ್ತೇನೆ. ನಾನು ಹಾಡುವವನಲ್ಲ, ಕೇಳುವವನು. ಆದರೆ ನಾಟಕ, ಸಂಗೀತದ ಹ್ಯಾಂಡ್‌ಬಿಲ್ಲುಗಳು ನಮ್ಮ ಪ್ರೆಸ್ಸಿನಲ್ಲೇ ಅಚ್ಚಾಗುತ್ತಿದ್ದುದರಿಂದ ಆ ಜಗತ್ತು ನಮಗೆ ಹತ್ತಿರದ್ದು. ಗುಲಾಬಿ, ಹಸಿರು ತೆಳು ಕಾಗದ. ನಟಿಯ ಹೆಸರಿಗೆ ಮರದ ದೊಡ್ಡ ಮೊಳೆ. ಕಂಪನಿಯವರು ಬಿಲ್ಲಿನ ದುಡ್ಡಿಗೆ ಬದಲಾಗಿ ಎಷ್ಟೋ ಸಲ ಟಿಕೇಟು ಕೊಡುತ್ತಿದ್ದರು.

ಇವತ್ತು ಧಾರವಾಡ, ಹುಬ್ಬಳ್ಳಿ, ಗದಗ ಎಂದರೆ ಹಿಂದೂಸ್ತಾನಿ ಸಂಗೀತ ಎನ್ನುತ್ತೇವೆ. ಅದು ಅನಾದಿಯಿಂದ ಇಲ್ಲೇ ಇತ್ತು ಎನ್ನುವ ಹಾಗೆ ಮಾತಾಡುತ್ತೇವೆ. ನಮ್ಮ ಅಜ್ಜಂದಿರ ಕಾಲಕ್ಕೆ ಅದು ಹೊಸದು. ಮರಾಠಿ ನಾಟಕ ಕಂಪನಿಗಳು ರೈಲು ಹತ್ತಿ ಬಂದವು. ಮೈಸೂರು ಅರಮನೆಗೆ ಹೋಗುವ ಉಸ್ತಾದರು ದಾರಿಯಲ್ಲಿ ಧಾರವಾಡದಲ್ಲಿ ಇಳಿದರು. ಹಾಗೆ ಬೇರೂರಿತು. ಗಂಗೂಬಾಯಿ ಹಾನಗಲ್ ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದೂಸ್ತಾನಿ ಕಲಿಯತೊಡಗಿದಾಗ, ತನ್ನ ಹಾಡು ಮಗಳ ಕಿವಿಯಲ್ಲಿ ಕಲಸಬಾರದೆಂದು ಆ ತಾಯಿ ತಾನು ಹಾಡುವುದನ್ನೇ ಬಿಟ್ಟರು. ಹೊಸದು ಬರಲು ಕಲೆಯಲ್ಲೂ ಒಬ್ಬರು ಬೆಲೆ ತೆತ್ತರು. ಇದನ್ನು ನೆನೆದಾಗಲೆಲ್ಲ ನನಗೆ ಕಾಕಾ ನೆನಪಾಗುತ್ತಾರೆ. ಆದರೆ ಅಂಬಾಬಾಯಿಯವರು ಮನೆಯಿಂದ ಹೊರಗೆ ಹೋಗಲಿಲ್ಲ. ಮಗಳ ಪಕ್ಕದಲ್ಲೇ ಇದ್ದರು, ಆ ಕಿವಿ ಮಗಳ ಸ್ವರವನ್ನು ಕೇಳುತ್ತಲೇ ಇತ್ತು. ಮುಂದೆ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಬಂದು ಸವಾಯಿ ಗಂಧರ್ವರ ಹತ್ತಿರ ಕಲಿತರು.

ಇನ್ನೊಂದು ನಮ್ಮ ಜಿಲ್ಲೆಯದೇ. ಭೀಮಸೇನ ಜೋಶಿಯವರು 1922ರಲ್ಲಿ ರೋಣದಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಗ್ರಾಮೋಫೋನ್ ತಟ್ಟೆಯಲ್ಲಿ ಅಬ್ದುಲ್ ಕರೀಂ ಖಾನರ ಠುಮ್ರಿ ಕೇಳಿ ಹುಚ್ಚು ಹಿಡಿಸಿಕೊಂಡು, ಗುರುವನ್ನು ಹುಡುಕಿ ಮನೆ ಬಿಟ್ಟು ಹೋದರು. ಗ್ರಾಮೋಫೋನ್ ಆಗಿನ ಹೊಸ ಯಂತ್ರ. ಒಂದು ತಟ್ಟೆಯ ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಮೂರು ಮೂರೂವರೆ ನಿಮಿಷದ ಹಾಡು. ಆ ಮೂರು ನಿಮಿಷ ಹುಡುಗನಿಗೆ ಆಸೆ ಹುಟ್ಟಿಸಿತು. ಆದರೆ ಹಾಡು ಕಲಿಸಲಿಲ್ಲ. ಉತ್ತರದ ಊರುಗಳನ್ನೆಲ್ಲ ಸುತ್ತಿ ಕೊನೆಗೆ ಅವರು ಬಂದು ನಿಂತದ್ದು ಅದೇ ಕುಂದಗೋಳದಲ್ಲಿ, ಆ ಖಾನ್ ಸಾಹೇಬರ ಶಿಷ್ಯರಾದ ಸವಾಯಿ ಗಂಧರ್ವರ ಮನೆಯಲ್ಲಿ. ತಟ್ಟೆ ಬಂತು, ಇನ್ನು ಗುರು ಯಾಕೆ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಭೀಮಸೇನರ ಹಾಡಿನಲ್ಲಿ ಹೊಸದು ಎಷ್ಟೋ ಇದೆ. ಅದು ಬಂದದ್ದು ಹಳೆಯ ಕೈಯ ಕೆಳಗೆ ವರ್ಷಗಟ್ಟಲೆ ಕೂತದ್ದರಿಂದ.

ಕಲೆಯಲ್ಲಿ ಎಲ್ಲವೂ ಹೀಗೆ ಚೆಂದ ಆಗುತ್ತದೆ ಎಂದು ಹೇಳಲಾರೆ. ಹಾರ್ಮೋನಿಯಂ ಯುರೋಪಿನಿಂದ ಬಂದದ್ದು. ಆಕಾಶವಾಣಿಯವರು 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿದ್ದರು. ಆದರೂ ಅದು ಗೆದ್ದಿತು, ಗಾಯಕರ ಪಕ್ಕದಲ್ಲಿ ಸಾರಂಗಿ ಕೂರುವುದು ಕಡಿಮೆಯಾಯಿತು. ನಾಟಕ ಕಂಪನಿಗಳಲ್ಲಿ ಮೈಕು ಬಂದು ಕೊನೆಯ ಸಾಲಿಗೂ ಕೇಳುವಂತೆ ಹಾಡುವ ಕಂಠಗಳು ಹೋದವು, ಕಾಲಿನಿಂದ ತುಳಿದು ನುಡಿಸುವ ಹಾರ್ಮೋನಿಯಂ ಆದ ಕಾಲು ಪೆಟ್ಟಿಗೆಯ ಜಾಗಕ್ಕೆ ಕೀಬೋರ್ಡ್ ಬಂತು. 1934ರಲ್ಲಿ ಕನ್ನಡದ ಮೊದಲ ಟಾಕಿ, ಅಂದರೆ ಮಾತಾಡುವ ಸಿನಿಮಾ, ಬಂದಾಗ ಇನ್ನು ನಾಟಕ ಮುಗಿಯಿತು ಎಂದುಕೊಂಡವರು ಇದ್ದಿರಬೇಕು. ಈಗಲೂ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಹೋಗಿ ನೋಡಿ, ಸಾಲಾಗಿ ನಾಟಕದ ಟೆಂಟುಗಳು ನಿಂತಿರುತ್ತವೆ. ಹಾಸ್ಯದ ಮಟ್ಟ ನನಗೆ ಹಿಡಿಸುವುದಿಲ್ಲ, ಅದು ಬೇರೆ ಮಾತು. ನಮ್ಮ ಊರಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಮಕ್ಕಳು ಇವತ್ತಿಗೂ ಗುರುವಿನ ಎದುರು ಕೂತೇ ಸ್ವರ ಹಿಡಿಯುತ್ತಾರೆ. ಪಕ್ಕದಲ್ಲಿ ಇಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಇದ್ದರೂ ಸ್ವರ ತಿದ್ದುವುದು ಗುರುವೇ.

ಸಂಗೀತದವರು ಹೊಸ ಯಂತ್ರ ತಂದಾಗ ಗುರುವನ್ನು ಮನೆಗೆ ಕಳಿಸಲಿಲ್ಲ. ನಾವು ಪ್ರೆಸ್ಸಿನವರು ಕಳಿಸಿದೆವು. ಲೇಖಕರು ಎರಡನ್ನೂ ಒಂದೇ ಎಂದದ್ದು ಅದಕ್ಕೇ ನನಗೆ ಒಪ್ಪಿಗೆಯಿಲ್ಲ.

ಮೊಳೆಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತು. ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ 1843ರಲ್ಲಿ ಬಂದದ್ದು ಕಲ್ಲಿನ ಮೇಲೆ ಬರೆದು ಒತ್ತುವ ಕಲ್ಲಚ್ಚಿನಲ್ಲಿ. ಮರುವರ್ಷ ಬಳ್ಳಾರಿಗೆ ಹೋಗಿ ಮೊಳೆಯಲ್ಲಿ ಅಚ್ಚಾಯಿತು. ಆದ್ದರಿಂದ ಸೀಸದ ಮೇಲೆ ನನಗೆ ವಿಶೇಷ ಮೋಹವಿಲ್ಲ. ಡಿಟಿಪಿಯ ಹಣೆಬರಹವನ್ನೂ ನಾನು ನೋಡಿದ್ದೇನೆ. 2001ರಲ್ಲಿ ನನ್ನದೇ ಸಣ್ಣ ಅಂಗಡಿ ಹಾಕಿದೆ. ಈಗ ಲಗ್ನಪತ್ರಿಕೆಯನ್ನು ಜನ ಫೋನಿನಲ್ಲೇ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ಎಐಗೆ ಹೇಳಿದರೆ ಕವಿತೆಯ ಸಮೇತ ಮಾಡಿಕೊಡುತ್ತದೆ. ಅಂಗಡಿಯನ್ನು ಹೋದ ವರ್ಷ ಮುಚ್ಚಿದೆ. ಕಪಾಟಿನಲ್ಲಿ ಎರಡು ಡಬ್ಬಿ ಸಿಡಿಗಳಿವೆ, ಹತ್ತು ವರ್ಷದ ಕೆಲಸ. ಆ ಕಾಲದ ಫಾಂಟು ಈಗಿನ ಯುನಿಕೋಡ್ ಕಂಪ್ಯೂಟರಿಗೆ ಗೊತ್ತಿಲ್ಲ. ತೆರೆದರೆ ಕನ್ನಡದ ಬದಲು ಏನೇನೋ ಗುರುತು ಕಾಣುತ್ತದೆ. ಅದೇ ಕಪಾಟಿನಲ್ಲಿರುವ 1978ರ ನಾಟಕದ ಹ್ಯಾಂಡ್‌ಬಿಲ್ಲನ್ನು ನನ್ನ ಮೊಮ್ಮಗಳು ಮೊನ್ನೆ ತಡವರಿಸದೆ ಓದಿದಳು.

ಈಗ ಪ್ರೆಸ್ಸುಗಳಲ್ಲಿ, ಪತ್ರಿಕೆಗಳಲ್ಲಿ ಎಐ ಬರುತ್ತಿದೆ. ನನ್ನ ಬಿನ್ನಹ ಮಾಲೀಕರಿಗೆ. ಯಂತ್ರ ತನ್ನಿ, ಬೇಡ ಎನ್ನುವುದಿಲ್ಲ. ಆದರೆ ಪ್ರೂಫ್ ನೋಡುವವರನ್ನು, ಪುಟ ಕಟ್ಟುವವರನ್ನು ಮೊದಲ ದಿನವೇ ಮನೆಗೆ ಕಳಿಸಬೇಡಿ. ಆ ಯಂತ್ರದ ಪಕ್ಕದಲ್ಲಿ ಒಂದು ವರ್ಷವಾದರೂ ಕುರ್ಚಿ ಹಾಕಿ ಕೂರಿಸಿ. ಏನನ್ನು ಉಳಿಸಬೇಕು ಎಂಬುದು ಅವರಿಗೇ ಗೊತ್ತಿರುವುದು. ಡೆನ್ಮಾರ್ಕಿನಲ್ಲಿ ಕೆಲಸ ಕಳೆದುಕೊಂಡವರಿಗೆ ಭತ್ಯೆಯೂ ಸಿಗುತ್ತದೆ, ಹೊಸ ಕೆಲಸದ ತರಬೇತಿಯೂ ಸಿಗುತ್ತದೆ. ನಮ್ಮಲ್ಲಿ ಅಷ್ಟು ಆಗದಿದ್ದರೂ ಸ್ವಲ್ಪವಾದರೂ ಆಗಬಾರದೇ? 1905ರಲ್ಲೇ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ನೆಲ ಇದು. ರೈತರಿಗೆ ಸಾಲದ ಸಂಘ ಕಟ್ಟಬಹುದಾದರೆ, ಕೆಲಸ ಹೋದ ಕಂಪೋಸಿಟರಿಗೆ ಆರು ತಿಂಗಳ ಪಗಾರ ಕೊಡುವ ನಿಧಿ ಕಟ್ಟುವುದು ದೊಡ್ಡ ಮಾತಾಗಿರಲಿಲ್ಲ. ಕಾಕಾ ಕಾವಲಿಗೆ ಹೋಗುತ್ತಿದ್ದಾಗ ಈ ಯೋಚನೆ ನಮಗೆ ಯಾರಿಗೂ ಬರಲಿಲ್ಲ. ಈಗಿನವರಿಗೆ ಬರಲಿ ಎಂದು ಬರೆಯುತ್ತಿದ್ದೇನೆ.

ಇನ್ನೊಂದು ಕೋರಿಕೆ ಗದಗದ ನಗರಸಭೆಗೆ ಮತ್ತು ಮುದ್ರಕರಿಗೆ. ಮೂಲೆಯಲ್ಲಿ ತುಕ್ಕು ಹಿಡಿದು ನಿಂತ ಟ್ರೆಡಲ್ ಮಷಿನ್ನುಗಳು ಊರಲ್ಲಿ ಇನ್ನೂ ಇರಬಹುದು. ಅವೂ ತೂಕಕ್ಕೆ ಹೋಗುವ ಮೊದಲು ಒಂದನ್ನಾದರೂ ಓಡುವ ಸ್ಥಿತಿಯಲ್ಲಿ ಇಟ್ಟುಕೊಳ್ಳೋಣ. ಗಾಜಿನ ಹಿಂದೆ ಇಡುವುದು ಬೇಡ. ಮಕ್ಕಳು ಮೊಳೆ ಜೋಡಿಸಿ, ಚೇಸ್ ಎಂಬ ಚೌಕಟ್ಟಿಗೆ ಬಿಗಿದು, ಮಸಿ ಹಚ್ಚಿ, ತಮ್ಮ ಹೆಸರನ್ನು ತಾವೇ ಅಚ್ಚು ಹಾಕಿಕೊಂಡು ಹೋಗುವಂತಿರಬೇಕು. ಒತ್ತು ಎಲ್ಲಿ ಕೂರುತ್ತದೆ ಎಂದು ಒಮ್ಮೆ ಕೈಗೆ ಗೊತ್ತಾದರೆ ಅವರು ಮುಂದೆ ಯಾವ ಯಂತ್ರದಲ್ಲಿ ಬರೆದರೂ ತಪ್ಪುವುದಿಲ್ಲ.

ಅದು ಆಗುವವರೆಗೆ ಕಾಯುವುದು ಬೇಡ. ಕಾಕಾ ಕೊನೆಯ ದಿನ ತುಂಬಿಸಿದ ಆ ಒಂದು ಕೇಸು ನನ್ನ ಮನೆಯಲ್ಲಿದೆ. ಸ್ಟಿಕ್ ಇದೆ, ಸಣ್ಣ ರೋಲರ್ ಇದೆ. ಗದಗ ಬೆಟಗೇರಿಯ ಯಾವ ಶಾಲೆಯವರಾದರೂ ಸರಿ, ಕರೆದರೆ ಶನಿವಾರ ಬೆಳಿಗ್ಗೆ ಬರುತ್ತೇನೆ. ದುಡ್ಡು ಬೇಡ. ಪತ್ರಿಕೆಯ ಕಚೇರಿಗೆ ತಿಳಿಸಿದರೆ ಸಾಕು. ಕೇಸು ತುಂಬ ಭಾರ, ನನಗೀಗ ಎತ್ತಲು ಆಗುವುದಿಲ್ಲ. ಇಬ್ಬರು ದೊಡ್ಡ ಹುಡುಗರನ್ನು ಕಳಿಸಬೇಕು. ಮತ್ತೆ, ಮಕ್ಕಳು ಸೀಸ ಮುಟ್ಟುತ್ತಾರೆ. ಕೈ ತೊಳೆಯಲು ನೀರು, ಸೋಪು ಮೊದಲೇ ತಂದಿಟ್ಟಿರಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹಳೆಯ ಕಂಪೋಸಿಟರ್
ಬೆಟಗೇರಿ, ಗದಗ ಜಿಲ್ಲೆ